ಹದಿನೈದು ಚೀಲದ ಲೆಕ್ಕ

ಅಮಾವಾಸ್ಯೆಯ ದಿನ ಸಿಂಗಟಾಲೂರಿಗೆ ಹೋದರೆ ವೀರಭದ್ರೇಶ್ವರನಿಗಿಂತ ಮೊದಲು ಗಾಡಿಗಳ ದರ್ಶನವಾಗುತ್ತದೆ. ಕೆಎ-26 ನಮ್ಮ ಗದಗ ಜಿಲ್ಲೆಯದು, ಕೆಎ-35 ಹೊಳೆಯಾಚೆಯ ಹೂವಿನಹಡಗಲಿ ಕಡೆಯದು, ಕೆಎ-27 ಹಾವೇರಿ, ಕೆಎ-37 ಕೊಪ್ಪಳ. ಟಂಟಂ, ಕ್ರೂಸರ್, ಟ್ರ್ಯಾಕ್ಟರ್ ಟ್ರೇಲರ್‌ಗಳ ನಡುವೆ ಸಾಲಾಗಿ ನಿಂತ ಟಾಟಾ ಏಸ್, ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್. ಮುಂದಿನ ಗಾಜಿಗೆ ನಿಂಬೆಹಣ್ಣು, ಹಿಂದಿನ ಬಾಗಿಲಿಗೆ ದೇವರ ಹೆಸರು, ಅದರ ಕೆಳಗೆ ಮಕ್ಕಳ ಹೆಸರು. ಕಳೆದ ವರ್ಷ ಆ ಸಾಲಿನ ಮುಂದೆ ನಿಂತು ನಮ್ಮಣ್ಣನ ಮಗ ನನ್ನನ್ನು ಕೇಳಿದ:

“ಕಾಕಾ, ನೀವು ಇತಿಹಾಸ ಕಲಿಸಾವ್ರು. ಯಾವ ಕಂಪನಿ ಗಾಡಿ ತಗೊಂಡ್ರ ಛಲೋ, ಹೇಳ್ರಿ.”

“ಇತಿಹಾಸಕ್ಕೂ ಗಾಡಿಗೂ ಏನ್ ಸಂಬಂಧೋ?”

“ಹಿಂದ ಯಾರ್ಯಾರು ತಗೊಂಡು ಹೆಂಗ ಹಾಳಾದ್ರು ಅನ್ನೂದೂ ಇತಿಹಾಸನ ಅಲ್ರ್ಯಾ?”

ಅವನು ನಗುತ್ತಲೇ ಕೇಳಿದ್ದು. ಆದರೆ ಅವನಪ್ಪ, ಅಂದರೆ ನಮ್ಮಣ್ಣ, ನಗಲಿಲ್ಲ. ಯಾಕೆ ನಗಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ. ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಧಾರವಾಡಕ್ಕೆ ವಾಪಸು ಬಂದ ಮೇಲೂ ಪ್ರಶ್ನೆ ಬಿಡಲಿಲ್ಲ. ಮುಂಡರಗಿ ಎಂದರೆ ನಮ್ಮ ಪಠ್ಯಪುಸ್ತಕಗಳಿಗೆ 1858ರ ಭೀಮರಾಯ, ಅಷ್ಟೇ. ಆತನ ಕಾಲದಲ್ಲಿ ಈ ಸೀಮೆಯ ಹತ್ತಿ ಯಾವ ಗಾಡಿಯ ಮೇಲೆ, ಯಾರ ಕೈಯಲ್ಲಿ, ಎಲ್ಲಿಗೆ ಹೋಗುತ್ತಿತ್ತು ಎಂದು ನಾನು ಒಂದು ತರಗತಿಯಲ್ಲೂ ಹೇಳಿದವನಲ್ಲ.

ಹೋಗುತ್ತಿದ್ದದ್ದು ಕುಮಟೆಗೆ. ಧಾರವಾಡ ಸೀಮೆಯ ಎರೆ ಹೊಲದಲ್ಲಿ ಬೆಳೆದ ನಾಡ ಹತ್ತಿಗೆ ಹೊರಗಿನ ವ್ಯಾಪಾರಿಗಳು ಇಟ್ಟ ಹೆಸರೇ ‘ಕುಮಟಾ ಹತ್ತಿ’. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ, ಅದು ಹಡಗಿಗೆ ಹೇರುವ ಬಂದರು. ಬೆಳೆದ ಹೊಲದ ಹೆಸರು ಹೋಗಿ, ಎತ್ತಿನ ಗಾಡಿ ಇಳಿಸಿದ ಜಾಗದ ಹೆಸರು ಉಳಿಯಿತು. ಸರಕಿನ ಹೆಸರನ್ನು ಕೂಡ ಸಾಗಣೆ ತೀರ್ಮಾನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗಿಗೆ ಬಂತು. ಕುಮಟೆಯ ದಾರಿ ಸೊರಗಿತು, ಗದಗ ಹತ್ತಿಯ ಪೇಟೆಯಾಯಿತು. ಮುಂಡರಗಿಗೆ ಮಾತ್ರ ರೈಲು ಬರಲಿಲ್ಲ. ಹೀಗಾಗಿ ನಮ್ಮ ಕಡೆಯವರಿಗೆ ಗದಗಿನವರೆಗಿನ ಸುಮಾರು 40 ಕಿಲೊಮೀಟರ್ ದಾರಿ ಚಕ್ಕಡಿಯದೇ ಆಗಿ ಉಳಿಯಿತು. ನಮ್ಮೂರು ಸಿಂಗಟಾಲೂರಿನ ಹತ್ತಿರ, ಹೊಳೆಯ ಮಗ್ಗುಲಿಗೆ. ನಮಗೆ ಇನ್ನೂ 20 ಕಿಲೊಮೀಟರ್ ಹೆಚ್ಚು.

ನಮ್ಮಪ್ಪ ಚಕ್ಕಡಿ ಹೂಡಿ ಗದಗಿಗೆ ಹೋಗುತ್ತಿದ್ದುದನ್ನು ನಾನು ನೋಡಿದ್ದೇನೆ. ಸಂಜೆ ಬಿಟ್ಟರೆ ಮರುದಿನ ಬೆಳಗಿನ ಸವಾಲಿಗೆ ಮುಟ್ಟಬೇಕು. ಎರಡೆತ್ತಿನ ಚಕ್ಕಡಿಗೆ ಅಪ್ಪ ಹೇರುತ್ತಿದ್ದದ್ದು ಹದಿನೈದು ಚೀಲ. ಹದಿನಾರನೆಯದನ್ನು ಯಾರಾದರೂ ಎತ್ತಿದರೆ ಕೈ ಅಡ್ಡ ಹಿಡಿಯುತ್ತಿದ್ದ. ಎತ್ತಿನ ಹೆಗಲು ಮುಟ್ಟಿ ನೋಡಿದವನಿಗೆ ಪಾಸಿಂಗ್ ಕಾಗದ ಬೇಕಾಗಿರಲಿಲ್ಲ. ಇನ್ನೊಂದು ಮಾತು ನನಗೆ ಆಗ ಹೊಳೆದಿರಲಿಲ್ಲ. ಅಪ್ಪ ಚೀಲಗಳ ಜತೆಗೇ ಪೇಟೆಗೆ ಹೋಗುತ್ತಿದ್ದ. ತೂಕದ ಮುಂದೆ ತಾನೇ ನಿಲ್ಲುತ್ತಿದ್ದ, ದಲಾಲಿ ಅಂಗಡಿಯ ಗಾದಿಯ ಮೇಲೆ ಕೂತು ಚಹಾ ಕುಡಿದು, ದರ ಬರಲಿಲ್ಲವೆಂದರೆ ಒಂದು ದಿನ ತಡೆದು ಮಾರುತ್ತಿದ್ದ. ಪ್ರತಿ ಸಲ ಅವನೇ ಗೆದ್ದ ಎಂದಲ್ಲ. ಸೋತದ್ದೇ ಹೆಚ್ಚು. ಆದರೆ ತನ್ನ ಮಾಲು ಎಲ್ಲಿ, ಎಷ್ಟಕ್ಕೆ ಹೋಯಿತು ಎಂಬುದನ್ನು ಕಣ್ಣಾರೆ ಕಂಡು ಸೋಲುತ್ತಿದ್ದ.

ಲಾರಿ ಬಂದಾಗ ಈ ಕೂರುವ ಜಾಗ ಹೋಯಿತು. ಲಾರಿಯ ಇತಿಹಾಸದಲ್ಲಿ ಗದಗ ಸಣ್ಣ ಊರಲ್ಲ. ಮುದ್ರಣದ ಮನೆತನದಿಂದ ಬಂದ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ವಿಆರ್‌ಎಲ್ ಶುರು ಮಾಡಿದ್ದು ಇದೇ ಗದಗದಲ್ಲಿ. ಆಗ ಲಾರಿ ಎಂದರೆ ಎರಡೇ ಹೆಸರು. ಒಂದು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜತೆ ಸೇರಿ ಲಾರಿ ಮಾಡಲು ತೊಡಗಿದ ಟಾಟಾ, ಇನ್ನೊಂದು 1948ರಲ್ಲಿ ಮದರಾಸಿನಲ್ಲಿ ಆಸ್ಟಿನ್ ಕಾರು ಜೋಡಿಸುವ ಅಶೋಕ್ ಮೋಟರ್ಸ್ ಆಗಿ ಹುಟ್ಟಿ, 1955ರಿಂದ ಅಶೋಕ್ ಲೇಲ್ಯಾಂಡ್ ಆದ ಕಂಪನಿ. ಟಾಟಾನಾ, ಲೇಲ್ಯಾಂಡಾ ಎಂದು ಚಹಾದ ಅಂಗಡಿಯಲ್ಲಿ ಜಗಳವಾಡಿದವರಲ್ಲಿ ಲಾರಿ ಕೊಳ್ಳಬಲ್ಲವರು ಒಬ್ಬರೂ ಇರಲಿಲ್ಲ. ನೂರಿನ್ನೂರು ಚೀಲ ಹೊರುವ ಗಾಡಿ ಹತ್ತು ಎಕರೆಯ ರೈತನಿಗೆ ಯಾಕೆ? ಹತ್ತು ಮನೆಯವರ ಚೀಲ ಕೂಡಿಸಿ ಲಾರಿಗೆ ಹಾಕುವುದು, ಚೀಲದ ಮೇಲೆ ಬಣ್ಣದಲ್ಲಿ ಹೆಸರು ಬರೆಯುವುದು, ವಾರ ಬಿಟ್ಟು ಪಟ್ಟಿ ಬರುವುದನ್ನು ಕಾಯುವುದು. ಮಾಲು ಹೋಗುತ್ತಿತ್ತು, ರೈತ ಹೋಗುತ್ತಿರಲಿಲ್ಲ.

ಪಟ್ಟಿ ಎಂದೆನಲ್ಲ, ಅದರ ಒಂದು ಮಾದರಿ ಇಡೀ ದೇಶಕ್ಕೆ ಗೊತ್ತಾಯಿತು. 2022ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ರೈತರೊಬ್ಬರು ಸುಮಾರು 415 ಕಿಲೊಮೀಟರ್ ದೂರದ ಯಶವಂತಪುರ ಮಾರುಕಟ್ಟೆಗೆ ಒಯ್ದ 205 ಕಿಲೊ ಉಳ್ಳಾಗಡ್ಡಿಯ ಪಟ್ಟಿ ಅದು. ಕ್ವಿಂಟಲ್‌ಗೆ 200 ರೂಪಾಯಿಯಂತೆ ಒಟ್ಟು 410 ರೂಪಾಯಿ. ಹಮಾಲಿ 24 ರೂಪಾಯಿ. ಬಾಡಿಗೆ 377 ರೂಪಾಯಿ 64 ಪೈಸೆ. ರೈತನ ಕೈಗೆ 8 ರೂಪಾಯಿ 36 ಪೈಸೆ. ಎಲ್ಲರೂ ಕೊನೆಯ ಸಾಲನ್ನು ಓದಿ ಮರುಗಿದರು. ನನ್ನ ಕಣ್ಣು ನಿಂತದ್ದು ಅದರ ಮೇಲಿನ ಸಾಲಿನ ಮೇಲೆ. 50 ಕಿಲೊ ಚೀಲಕ್ಕೆ ಲೆಕ್ಕ ಹಾಕಿದರೆ ಬಾಡಿಗೆ 92 ರೂಪಾಯಿ, ಚೀಲದ ಬೆಲೆ 100. ಈ 92 ರೂಪಾಯಿ ಯಾರಿಗೆ ಸೇರಬೇಕು ಎಂಬುದರ ಸುತ್ತಲೇ ಸಣ್ಣ ಗಾಡಿಗಳ ಕಥೆ ಸುತ್ತುತ್ತದೆ.

ಲಾರಿಗೂ ಚಕ್ಕಡಿಗೂ ನಡುವಿನ ಖಾಲಿ ಜಾಗಕ್ಕೆ ಮೊದಲು ಕಾಲಿಟ್ಟದ್ದು ಟೆಂಪೋ. ಹ್ಯಾಂಬರ್ಗಿನ ವಿಡಾಲ್ ಅಂಡ್ ಸೋನ್ ಎಂಬ ಕಾರ್ಖಾನೆಯ ಗಾಡಿಯ ಹೆಸರು ಅದು. 1958ರಲ್ಲಿ ಬಜಾಜ್ ಟೆಂಪೋ ಕಂಪನಿ ಹುಟ್ಟಿ, ಅದರ ಮೂರು ಚಕ್ರದ ಹ್ಯಾನ್ಸಿಯಟ್ ನಮ್ಮ ಪೇಟೆಗಳಲ್ಲಿ ಓಡಾಡಿದ ಮೇಲೆ, ನಾಲ್ಕು ಚಕ್ರದ್ದಾದರೂ, ಬೇರೆ ಕಂಪನಿಯದಾದರೂ, ಲಾರಿಗಿಂತ ಸಣ್ಣದೆಲ್ಲ ಕನ್ನಡದಲ್ಲಿ ಟೆಂಪೋ ಆಯಿತು. ಅದರ ಮಟಾಡೋರ್ 1969ರಲ್ಲಿ ಬಂತು. ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿಕೊಂಡಿತು, ನಮ್ಮ ಮಾತು ಬದಲಾಗಲಿಲ್ಲ. (ಟಂಟಂ ಎಂಬ ಹೆಸರಿಗೆ ಯಾವ ಕಂಪನಿಯ ಹಂಗೂ ಇಲ್ಲ. ಅದು ಉತ್ತರ ಕರ್ನಾಟಕದ ಕಿವಿ ಇಟ್ಟ ಹೆಸರು.)

ನಿಜವಾದ ಕುಸ್ತಿ ನಡೆದದ್ದು 1980ರ ದಶಕದ ಮಧ್ಯದಲ್ಲಿ. ಜಪಾನಿನ ನಾಲ್ಕು ಕಂಪನಿಗಳು ಭಾರತದ ನಾಲ್ವರ ಕೈಹಿಡಿದು ಸಣ್ಣ ಲಾರಿಯೊಂದಿಗೆ ಬಂದವು: ಡಿಸಿಎಂ ಟೊಯೊಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸ್ಸಾನ್. ನುಣುಪಾದ ಮೈ, ಹಗುರ ಸ್ಟೇರಿಂಗ್, ಸದ್ದು ಕಡಿಮೆ. ಟಾಟಾ ಮುಗಿದೇಹೋಯಿತು ಎಂದುಕೊಂಡವರಿದ್ದರು. 1986ರಲ್ಲಿ ಟಾಟಾ 407 ಇಳಿಯಿತು. ಅದರ ಹೆಸರೇ ಒಂದು ಲೆಕ್ಕ. ನಾಲ್ಕು ಟನ್ನಿನ ಗಾಡಿ, ಎಪ್ಪತ್ತು ಅಶ್ವಶಕ್ತಿಯ ಎಂಜಿನ್. ನೋಡಲು ಜಪಾನಿನವುಗಳ ಮುಂದೆ ಒರಟು. ಆದರೆ ಹೇರಿದಷ್ಟೂ ಹೊತ್ತಿತು, ಹೊಂಡ ಬಿದ್ದ ದಾರಿಯಲ್ಲಿ ನಡೆಯಿತು, ಲಾರಿಯ ಮೇಸ್ತ್ರಿಯೇ ಅದನ್ನೂ ಬಿಚ್ಚಿ ಜೋಡಿಸಬಲ್ಲವನಾಗಿದ್ದ. ಆ ನಾಲ್ವರ ಗತಿ ನೋಡಿ. ಡಿಸಿಎಂ ಟೊಯೊಟಾ ಮುಂದೆ ಡೇವೂ ಪಾಲಾಯಿತು. ಆಲ್ವಿನ್ ನಿಸ್ಸಾನ್‌ನ ಕಾರ್ಖಾನೆ ನಮ್ಮ ಬೀದರದ ಪಕ್ಕದ ಜಹೀರಾಬಾದಿನದು, ಅದನ್ನು ಮಹೀಂದ್ರ ಕೊಂಡಿತು. ಸ್ವರಾಜ್ ಮಜ್ದಾ ಎಸ್‌ಎಂಎಲ್ ಇಸುಜು ಆಗಿ, 2025ರಲ್ಲಿ ಅದರ ಬಹುಪಾಲೂ ಮಹೀಂದ್ರ ಕೈಗೇ ಬಂತು. ಐಷರ್ ಒಂದು ಗಟ್ಟಿಯಾಗಿ ಉಳಿಯಿತು, ಅದೂ ಮಿತ್ಸುಬಿಷಿ ಬಿಟ್ಟು ವೋಲ್ವೊ ಜತೆ ಸೇರಿ. 407 ಮಾತ್ರ ಇಂದಿಗೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತಿದೆ.

ನಮ್ಮಣ್ಣನಂಥವರಿಗೆ 407 ಕೂಡ ದೊಡ್ಡದೇ. ಬೆಲೆಯ ಮಾತು ಒಂದು, ಕಾಗದದ ಮಾತು ಇನ್ನೊಂದು. 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಲ್ಲಿ ಒಂದು ಸಣ್ಣ ವಿನಾಯಿತಿ ಇದೆ. ಮಾಲೂ ಸೇರಿ ಒಟ್ಟು ತೂಕ 3,000 ಕಿಲೊ ದಾಟದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. 407 ಈ ಗೆರೆಯ ಮೇಲೆ, ಅದಕ್ಕಿಂತ ಸಣ್ಣವು ಗೆರೆಯ ಕೆಳಗೆ. ಪರ್ಮಿಟ್ ಎಂದರೆ ಕಚೇರಿ, ಕಚೇರಿ ಎಂದರೆ ಏಜೆಂಟು, ಏಜೆಂಟು ಎಂದರೆ ಕೆಲಸ ಬಿಟ್ಟು ಅಲೆಯುವ ದಿನಗಳು. ಸಣ್ಣ ಗಾಡಿಗಳು ಹಳ್ಳಿಯಲ್ಲಿ ಹೆಚ್ಚಿದ್ದಕ್ಕೆ ಜಾಹೀರಾತಿಗಿಂತ ಈ ಒಂದು ಸಾಲು ದೊಡ್ಡ ಕಾರಣ ಎಂದು ನನ್ನ ಅಭಿಪ್ರಾಯ. ವಾಹನದ ಇತಿಹಾಸ ಬರೆಯುವವರು ಎಂಜಿನ್ ನೋಡುತ್ತಾರೆ, ಕಾಯ್ದೆ ನೋಡುವುದಿಲ್ಲ.

2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂತು. ಅದರ ಹಿಂದೆಯೂ ಒಂದು ಸೋಲಿನ ಕಥೆ ಇದೆ. 2000-01ರಲ್ಲಿ ಟಾಟಾ ಕಂಪನಿಗೆ 500 ಕೋಟಿ ರೂಪಾಯಿ ನಷ್ಟವಾಗಿತ್ತು. ಲಾರಿ ಒಂದನ್ನೇ ನಂಬಿದರೆ ಆಗದು ಎಂದು ಹೊಸದೇನಾದರೂ ಮಾಡಲು ಗಿರೀಶ್ ವಾಘ್ ಎಂಬ ಎಂಜಿನಿಯರರ ತಂಡವನ್ನು ಹಚ್ಚಿದರು. ಆ ತಂಡ ಮೂರು ಚಕ್ರದ ಗಾಡಿ ಓಡಿಸುವವರನ್ನು ಹುಡುಕಿಕೊಂಡು ಹೋಗಿ ಮಾತಾಡಿತು. ಕಂಪನಿಯವರೇ ಹೇಳಿಕೊಂಡಂತೆ, ನಾಲ್ಕು ಚಕ್ರದ ಗಾಡಿ ಇದ್ದರೆ ತನಗೆ ಹೆಣ್ಣು ಸಿಗುವುದು ಸುಲಭವಾದೀತು ಎಂದು ಚಾಲಕನೊಬ್ಬ ಹೇಳಿದನಂತೆ. ಇದನ್ನು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ತಮಾಷೆಯ ಪ್ರಸಂಗವಾಗಿ ಹೇಳುತ್ತಾರೆ. ಒಕ್ಕಲುತನದ ಹುಡುಗರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವ ನಮ್ಮ ಕಡೆಯವರಿಗೆ ಇದರಲ್ಲಿ ತಮಾಷೆ ಕಾಣುವುದಿಲ್ಲ.

ಏಸ್‌ನ ಎಂಜಿನ್ 702 ಸಿಸಿ, ಎರಡು ಸಿಲಿಂಡರಿನ ಡೀಸೆಲ್. ಇಂಡಿಕಾ ಕಾರಿನ ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಅರ್ಧಕ್ಕೆ ಕೊಯ್ದಂತೆ. ಶಕ್ತಿ 16 ಅಶ್ವಶಕ್ತಿ. ಬೆಲೆ ಆಗ ಎರಡೂಕಾಲು ಲಕ್ಷದ ಆಸುಪಾಸು. ಹೊರುವ ಭಾರ 750 ಕಿಲೊ. ಈ ಕೊನೆಯ ಅಂಕಿ ಓದಿದಾಗ ನಾನು ಪೆನ್ನು ಕೆಳಗಿಟ್ಟೆ. 750 ಕಿಲೊ ಎಂದರೆ 50 ಕಿಲೊದ ಹದಿನೈದು ಚೀಲ. ಪುಣೆಯ ಎಂಜಿನಿಯರರು ಎಷ್ಟೋ ಊರು ಸುತ್ತಿ, ಎಷ್ಟೋ ಜನರನ್ನು ಕೇಳಿ ಕೊನೆಗೆ ಬಂದು ನಿಂತದ್ದು ನಮ್ಮಪ್ಪನ ಚಕ್ಕಡಿಯ ಲೆಕ್ಕಕ್ಕೆ. ಒಬ್ಬ ಮನುಷ್ಯ, ಒಂದು ದಿನ, ಒಂದು ಪೇಟೆ, ಹದಿನೈದು ಚೀಲ. ಮತ್ತೆ ರೈತನ ಮಗ ಮಾಲಿನ ಜತೆ ಮುಂದಿನ ಸೀಟಿನಲ್ಲಿ ಕೂತ. 2012ರ ಹೊತ್ತಿಗೆ ಹತ್ತು ಲಕ್ಷ ಏಸ್‌ಗಳು ದೇಶದಲ್ಲಿ ಮಾರಾಟವಾಗಿದ್ದವು. ಅದರ ತಮ್ಮ ಏಸ್ ಜಿಪ್ ತಯಾರಾದದ್ದು ನಾನು ದಿನವೂ ಹಾದುಹೋಗುವ ಧಾರವಾಡದಲ್ಲೇ.

ಹಾಗಾದರೆ ಏಸ್ ತಗೋ ಎಂದು ಹುಡುಗನಿಗೆ ಹೇಳಬೇಕಿತ್ತಲ್ಲ? ಇಲ್ಲ. ಹೊಲ ಎಂಥದು ಎಂದು ಮೊದಲು ಕೇಳಬೇಕು. ಮುಂಡರಗಿ ತಾಲೂಕಿನಲ್ಲಿ ಮಸಾರಿಯೂ ಇದೆ, ಎರೆಯೂ ಇದೆ. ಮಸಾರಿ ಭೂಮಿಯಲ್ಲಿ ಮಳೆ ನಿಂತ ಎರಡು ತಾಸಿಗೆ ಗಾಡಿ ಹೋಗುತ್ತದೆ. ಎರೆ ಹೊಲದ ದಾರಿ ಮಳೆ ಬಿದ್ದರೆ ಮೂರು ದಿನ ಅಂಟು. ಏಸ್‌ನ ಚಕ್ರ 12 ಇಂಚಿನದು. ಪೇಟೆಯ ಓಣಿಗೆ, ಡಾಂಬರಿಗೆ, ಕಿರಾಣಿ ಮಾಲಿಗೆ, ನೀರಿನ ಕ್ಯಾನಿಗೆ ಅದರಷ್ಟು ಒಪ್ಪುವ ಗಾಡಿ ಇಲ್ಲ. ಸಣ್ಣ ತಿರುವಿನಲ್ಲಿ ಎಮ್ಮೆ ತಿರುಗಿದಷ್ಟೇ ಜಾಗದಲ್ಲಿ ತಿರುಗುತ್ತದೆ. ಆದರೆ ಆಶ್ಲೇಷಾ ಮಳೆಯಲ್ಲಿ ಹೊಲದ ಬದುವಿನವರೆಗೆ ಅದನ್ನು ಒಯ್ದವನು ಟ್ರ್ಯಾಕ್ಟರ್ ಕರೆಸಿ ಎಳೆಸಬೇಕು.

ಇಲ್ಲಿಯೇ ಮಹೀಂದ್ರ ಗೆದ್ದದ್ದು. ಅದರ ವಂಶಾವಳಿ ಬೇರೆ. 1945ರಲ್ಲಿ ಲೂಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ಮಹೀಂದ್ರ ಅಂಡ್ ಮೊಹಮ್ಮದ್ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. 1947ರಿಂದ ಮುಂಬೈಯಲ್ಲಿ ಅಮೆರಿಕದ ವಿಲ್ಲೀಸ್ ಜೀಪು ಜೋಡಿಸತೊಡಗಿತು. ಯುದ್ಧಕ್ಕೆ ಮಾಡಿದ ಜೀಪಿಗೆ ದಾರಿಯೇ ಬೇಕಾಗಿರಲಿಲ್ಲ. ಬೊಲೆರೊ ಪಿಕಪ್ ಆ ಜೀಪಿನ ಮೊಮ್ಮಗ. ಅಗಲ ಚಕ್ರ, ನೆಲದಿಂದ ಎತ್ತರದ ಹೊಟ್ಟೆ, ಹಿಂದೆ ದಪ್ಪ ಪಾಟಾ, ಎರಡೂವರೆ ಲೀಟರಿನ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್. ಮಾದರಿಯಂತೆ ಒಂದೂಕಾಲು ಟನ್ನಿನಿಂದ ಒಂದು ಮುಕ್ಕಾಲು ಟನ್ನಿನ ಸುತ್ತಮುತ್ತ ಹೊರುತ್ತದೆ. ನಮ್ಮ ಭಾಷೆಯಲ್ಲಿ 25ರಿಂದ 34 ಚೀಲ. ಇಂದು ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್ ಅದೇ. ಏಸ್‌ಗೆ ಎದುರಾಗಿ ಏಸ್‌ನಂಥದೇ ಗಾಡಿ ಮಾಡಲು ಹೋಗಿ ಮಹೀಂದ್ರ 2010ರಲ್ಲಿ ಇಳಿಸಿದ ಮ್ಯಾಕ್ಸಿಮೊ ಅಷ್ಟಾಗಿ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಎದುರಾಳಿಯ ಕಣದಲ್ಲಿ ಸೋತವರು ತಮ್ಮ ಕೆಸರಿನಲ್ಲಿ ಗೆದ್ದರು.

ದೋಸ್ತ್ 2011ರದು. ಲೇಲ್ಯಾಂಡ್ ನಿಸ್ಸಾನ್ ಜತೆ ಸೇರಿ ಹೊಸೂರಿನಲ್ಲಿ ಮಾಡಿದ ಗಾಡಿ, ಒಂದೂಕಾಲು ಟನ್ನಿನದು, ಮೂರು ಸಿಲಿಂಡರಿನದು. 2016ರಲ್ಲಿ ಜಪಾನಿನವರ ಪಾಲನ್ನೂ ಲೇಲ್ಯಾಂಡ್ ಕೊಂಡುಕೊಂಡಿತು. ಹುಬ್ಬಳ್ಳಿ-ಗದಗ ನಡುವೆ ದಿನವೂ ಓಡುವ ಚಾಲಕರು ಇದನ್ನೇ ಹೊಗಳುತ್ತಾರೆ. ಕೂರಲು ಕಾರಿನಂತೆ, ರಾತ್ರಿ ಇನ್ನೂರು ಕಿಲೊಮೀಟರ್ ಹೊಡೆದರೂ ಸೊಂಟ ಹಿಡಿಯುವುದಿಲ್ಲ ಎಂಬುದು ಅವರ ಮಾತು. ಸೊಂಟದ ಲೆಕ್ಕ ಯಾವ ಕಂಪನಿಯ ಕರಪತ್ರದಲ್ಲೂ ಇಲ್ಲ. ಮಾರುತಿಯ ಸೂಪರ್ ಕ್ಯಾರಿ, ಟಾಟಾದ ಯೋಧ, ಇಂಟ್ರಾ ಎಲ್ಲವೂ ಇವೆ, ಆದರೆ ನಮ್ಮ ಸೀಮೆಯ ಮಾತಿನಲ್ಲಿ ತೂಗುವುದು ಮೊದಲಿನ ಮೂರೇ.

ಮಾಲು ಯಾವುದು ಎಂಬುದರ ಮೇಲೂ ತೂಕ ಬದಲಾಗುತ್ತದೆ. ಹೊಳೆಯಾಚೆಯ ಹಡಗಲಿ ಮಲ್ಲಿಗೆಗೆ ಭಾರವೇ ಇಲ್ಲ, ಇರುವುದು ಹೊತ್ತು. ಬೆಳಕು ಹರಿಯುವ ಮೊದಲು ಬಿಡಿಸಿ, ಬಿಸಿಲೇರುವುದರೊಳಗೆ ಪೇಟೆ ಮುಟ್ಟಬೇಕು. ಹಿಂದೆ ಹರಗೋಲಿನಲ್ಲಿ ದಾಟುತ್ತಿದ್ದ ಹೂವಿನ ಬುಟ್ಟಿ ಈಗ ಕೊರ್ಲಹಳ್ಳಿ ಸೇತುವೆಯ ಮೇಲೆ ಬರುತ್ತದೆ. ಅದಕ್ಕೆ ಬೇಕಾದದ್ದು ಸಣ್ಣ ಗಾಡಿ, ನಂಬಿಗೆಯ ಗಾಡಿ. ಬ್ಯಾಡಗಿ ಮಾರುಕಟ್ಟೆಗೆ ಹೋಗುವ ಒಣಮೆಣಸಿನಕಾಯಿ ಹಗುರ, ಆದರೆ ಜಾಗ ತಿನ್ನುತ್ತದೆ. ತೊಟ್ಟಿ ಉದ್ದವಿರಬೇಕು. ಕುರಿ ಹೇರುವವನಿಗೆ ಸುತ್ತ ಕಂಬಿ ಎತ್ತರವಿರಬೇಕು, ಗಾಡಿ ಕುಲುಕಬಾರದು. ಉಳ್ಳಾಗಡ್ಡಿಗೆ ಇದಾವುದೂ ಬೇಡ, ಪಾಟಾ ಗಟ್ಟಿ ಇದ್ದರೆ ಸಾಕು. ಸಿಂಗಟಾಲೂರು ಏತ ನೀರಾವರಿಗೆಂದು ಹಮ್ಮಿಗಿಯಲ್ಲಿ ಬ್ಯಾರೇಜ್ ಕಟ್ಟಿ ಹೊಳೆಯ ನೀರು ನಿಲ್ಲಿಸಿದ್ದಾರೆ. ನೀರು ಬಂದ ಹೊಲದಲ್ಲಿ ಬೆಳೆ ಬದಲಾಗುತ್ತದೆ. ಬೆಳೆ ಬದಲಾದರೆ ಗಾಡಿಯೂ ಬದಲಾಗಬೇಕಾಗುತ್ತದೆ, ಆದರೆ ಸಾಲದ ಕಂತು ಅರ್ಧದಲ್ಲಿ ಬದಲಾಗುವುದಿಲ್ಲ.

ನಮ್ಮಣ್ಣ ನಗದಿದ್ದುದಕ್ಕೆ ಕಾರಣ ಈ ಕಂತೇ. ಹತ್ತು-ಹನ್ನೆರಡು ವರ್ಷದ ಹಿಂದೆ ಅವನು ಗೆಳೆಯನೊಬ್ಬನ ಜತೆ ಪಾಲಿನಲ್ಲಿ ಒಂದು ಗಾಡಿ ತೆಗೆದಿದ್ದ. ಯಾವ ಕಂಪನಿಯದು ಎಂದು ಹೇಳುವುದಿಲ್ಲ, ಯಾಕೆಂದರೆ ತಪ್ಪು ಗಾಡಿಯದಲ್ಲ. ಬಾಡಿಗೆ ಚೀಲದ ಲೆಕ್ಕದಲ್ಲಿ ಬರುವಾಗ, ಕಂತು ತಿಂಗಳ ಲೆಕ್ಕದಲ್ಲಿ ಹೋಗುವಾಗ ಕೈ ತಾನಾಗಿಯೇ ಹದಿನಾರನೆಯ ಚೀಲಕ್ಕೆ ಹೋಗುತ್ತದೆ. ಆಮೇಲೆ ಇಪ್ಪತ್ತನೆಯದಕ್ಕೆ. ಎತ್ತಿಗಾದರೆ ಕೊರಳು ಇದೆ, ಏದುಸಿರು ಇದೆ. ಗಾಡಿ ಮಾತಾಡುವುದಿಲ್ಲ, ಒಂದು ದಿನ ಮುರಿಯುತ್ತದೆ. ಡಂಬಳದ ದಾರಿಯಲ್ಲಿ ರಾತ್ರಿ ಹಿಂದಿನ ಆಕ್ಸಲ್ ಮುರಿದು ಗಾಡಿ ಮಗುಚಿತು. ಜೀವಕ್ಕೆ ಅಪಾಯವಾಗಲಿಲ್ಲ. ಹೇರಿದ್ದು ಪಾಸಿಂಗ್‌ಗಿಂತ ಹೆಚ್ಚೆಂದು ವಿಮೆಯೂ ಬರಲಿಲ್ಲ. ಎರಡು ಎಕರೆ ಮಸಾರಿ ಹೋಯಿತು. ಪಾಲುದಾರ ಮಾತು ಬಿಟ್ಟ. ಆ ಹೊಲದ ಪಕ್ಕದಲ್ಲೇ ಈಗಲೂ ನಮ್ಮ ದಾರಿ. ಅಣ್ಣ ಅದರ ಕಡೆ ಮುಖ ಮಾಡದೆ ಹೋಗುತ್ತಾನೆ.

ಹೀಗಾಗಿ ಹುಡುಗ ಯಾವ ಗಾಡಿ ಎಂದು ಕೇಳಿದಾಗ ಅಣ್ಣನಿಗೆ ಕೇಳಿಸಿದ್ದು, ಯಾವ ಹೊಲ ಎಂದು.

ನಾನು ಉತ್ತರ ಹೇಳಿದ್ದು ಎರಡು ತಿಂಗಳ ಮೇಲೆ, ದೀಪಾವಳಿಗೆ ಊರಿಗೆ ಹೋದಾಗ. ಮೊದಲು ಬೆಂಗಳೂರಿನ ಆಸೆ ಬಿಡಿಸಿದೆ. ಅವನ ತಲೆಯಲ್ಲಿ ಯಶವಂತಪುರ ಇತ್ತು. ಲಾರಿಯವರು 92 ರೂಪಾಯಿ ತಿನ್ನುತ್ತಾರಲ್ಲ, ನಾನೇ ಒಯ್ದರೆ ಅದು ನನಗೇ ಉಳಿಯುತ್ತದೆ ಎಂದು. ಕಾಗದದ ಮೇಲೆ ಬರೆದು ತೋರಿಸಿದೆ. 415 ಕಿಲೊಮೀಟರ್, ಪಿಕಪ್ ಲೀಟರಿಗೆ 12 ಓಡಿದರೂ 34-35 ಲೀಟರ್, ಲೀಟರಿಗೆ 88 ಹಿಡಿದರೆ ಹೋಗಲು ಡೀಸೆಲ್ ಒಂದಕ್ಕೇ ಮೂರು ಸಾವಿರ. 25 ಚೀಲಕ್ಕೆ 92ರಂತೆ ಬರುವ ಬಾಡಿಗೆ 2,300. ಹೊರಡುವ ಮೊದಲೇ ಏಳು ನೂರು ಲುಕ್ಸಾನು, ಬರುವ ದಾರಿ ಬೇರೆ. ದೂರದ ಪೇಟೆಯಲ್ಲಿ ಲಾರಿಯನ್ನು ಸಣ್ಣ ಗಾಡಿ ಗೆಲ್ಲಲಾರದು, ಯಾವ ಕಂಪನಿಯದಾದರೂ. ಅದೇ ಗದಗಿಗಾದರೆ 60 ಕಿಲೊಮೀಟರಿಗೆ ಐದು ಲೀಟರ್, 440 ರೂಪಾಯಿ. ಚೀಲಕ್ಕೆ 18 ರೂಪಾಯಿಯೊಳಗೆ. ಬರುವಾಗ ಗೊಬ್ಬರವೋ ಸಿಮೆಂಟೋ ಸಿಕ್ಕರೆ ವಾಪಸಿನ ಡೀಸೆಲ್ ಅದರಲ್ಲೇ. ಸಣ್ಣ ಗಾಡಿಯ ರಾಜ್ಯ ಹುಬ್ಬಳ್ಳಿಗೆ ಮುಗಿಯುತ್ತದೆ. ನಮ್ಮಪ್ಪನ ಚಕ್ಕಡಿಯ ರಾಜ್ಯ ಗದಗಿಗೆ ಮುಗಿಯುತ್ತಿತ್ತು. ನೂರು ವರ್ಷದಲ್ಲಿ ನಾವು ಗಳಿಸಿದ್ದು ಅಷ್ಟು ದಾರಿ.

ಎರಡನೆಯದಾಗಿ ಅಮಾವಾಸ್ಯೆಯ ಮಾತು ಹೇಳಿದೆ. ಸಿಂಗಟಾಲೂರಿಗೆ, ಮದುವೆಗೆ, ಕೂಲಿಗೆ ಸರಕು ಗಾಡಿಯಲ್ಲಿ ಜನ ಹೇರುವುದು ನಮ್ಮಲ್ಲಿ ರೂಢಿ. ಯಾರೂ ತಪ್ಪೆನ್ನುವುದಿಲ್ಲ. ಸರಕು ಗಾಡಿಯಲ್ಲಿ ಕೂತು ಹೋಗುವವರಿಗೆ ಏನಾದರೂ ಆದರೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು ಇಪ್ಪತ್ತು ವರ್ಷಕ್ಕೂ ಹಿಂದೆಯೇ ಹೇಳಿದೆ. ಹೊಣೆ ಗಾಡಿಯ ಮಾಲೀಕನದು. ಲೈಸೆನ್ಸಿನ ವಿಷಯದಲ್ಲಿ ಮಾತ್ರ ಅವನಿಗೆ ಅನುಕೂಲವಾಗಿತ್ತು. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೊದೊಳಗಿನ ಸರಕು ಗಾಡಿಯನ್ನೂ ಓಡಿಸಬಹುದು ಎಂದು ತೀರ್ಪು ಕೊಟ್ಟಿತ್ತು.

“ಹಂಗಾರ ಯಾವ್ದು ಕಾಕಾ, ಕಡೀಕ?”

ನಮ್ಮ ಹೊಲ ಮುಕ್ಕಾಲು ಪಾಲು ಎರೆ, ಬೆಳೆ ಉಳ್ಳಾಗಡ್ಡಿ ಮತ್ತು ಮೆಣಸಿನಕಾಯಿ, ಪೇಟೆ ಗದಗ, ಮೇಸ್ತ್ರಿ ಮುಂಡರಗಿಯಲ್ಲಿ. ಪಿಕಪ್ ಎಂದೆ. ಹೊಸದಲ್ಲ, 2020ರ ಏಪ್ರಿಲ್‌ಗಿಂತ ಹಿಂದಿನದು. ಆ ತಿಂಗಳಿನಿಂದ ಬಿಎಸ್-6 ಕಡ್ಡಾಯವಾಗಿ ಡೀಸೆಲ್ ಎಂಜಿನ್ನುಗಳ ಹೊಗೆ ಕಡಿಮೆಯಾಗಿದೆ, ಬೆಲೆ ಏರಿದೆ, ಪಾನಾ ಹಿಡಿದು ಸರಿಮಾಡುವ ಮೇಸ್ತ್ರಿಯ ಬದಲು ಕಂಪ್ಯೂಟರ್ ಹಚ್ಚಿ ನೋಡುವವನು ಬೇಕಾಗಿದ್ದಾನೆ. ಉಸಿರಾಡುವ ಗಾಳಿಗೆ ಹೊಸದೇ ಒಳ್ಳೆಯದು. ನಾನು ಅಣ್ಣನ ಉಳಿದ ಹೊಲದ ಕಡೆಯಿಂದ ಮಾತಾಡಿದೆ. ಇದು ಇತಿಹಾಸದ ಮೇಷ್ಟರಿಗೆ ಶೋಭಿಸುವ ಸಲಹೆಯೇ ಎಂಬ ಅಳುಕು ಈಗಲೂ ಇದೆ.

ಅಣ್ಣ ಅಲ್ಲಿಯವರೆಗೂ ಸುಮ್ಮನೆ ಕೂತಿದ್ದವನು ಒಂದೇ ಪ್ರಶ್ನೆ ಕೇಳಿದ: “ತಮ್ಮಾ, ಎಷ್ಟು ಚೀಲದ್ದು?”

“ಇಪ್ಪತ್ತೈದು.”

ಗಾಡಿ ಬಂತು. ಬಿಳಿಯದು, ಎಡಗಡೆ ಬಾಗಿಲಿಗೆ ಹಳೆಯ ಮಾಲೀಕನ ಮಗಳ ಹೆಸರು ಇನ್ನೂ ಇತ್ತು. ಸಿಂಗಟಾಲೂರಿಗೆ ಒಯ್ದು ನಿಂಬೆಹಣ್ಣು ತುಳಿಸಿ ತಂದರು. ಮೊದಲ ಹೇರಿಗೆ ನಾನಿದ್ದೆ. ಅಂಗಳದಲ್ಲಿ ಉಳ್ಳಾಗಡ್ಡಿ ಚೀಲ, ಹಮಾಲರಿಲ್ಲ, ಹುಡುಗ ಮತ್ತು ಅವನ ಗೆಳೆಯರು ಇಬ್ಬರು ಎತ್ತಿ ಕೊಡುತ್ತಿದ್ದರು. ಅಣ್ಣ ಹಿಂದಿನ ಬಾಗಿಲಿಗೆ ಒರಗಿ ಎಣಿಸುತ್ತಿದ್ದ. ಹದಿನೈದು ಎಂದವನೇ ಕೈ ಅಡ್ಡ ಹಿಡಿದ.

“ಅಪ್ಪಾ, ಇದು ಚಕ್ಕಡಿ ಅಲ್ಲ.”

“ಗೊತ್ತೈತಿ,” ಎಂದ ಅಣ್ಣ. ಬಗ್ಗಿ ಪಾಟಾ ಎಷ್ಟು ಕೂತಿದೆ ಎಂದು ನೋಡಿದ. ಮೇಲೆ ಕೈಯಿಟ್ಟು ಒಮ್ಮೆ ಒತ್ತಿದ. “ಹಾಕು.”

ಹದಿನಾರು, ಹದಿನೇಳು ಎಂದು ಎಣಿಕೆ ಮತ್ತೆ ಶುರುವಾಯಿತು. ಇಪ್ಪತ್ತೈದಕ್ಕೆ ಅವನು ಬಾಗಿಲು ಎತ್ತಿ ಚಿಲಕ ಹಾಕಿದ. ಅಂಗಳದಲ್ಲಿ ಇನ್ನೂ ಆರು ಚೀಲ ಉಳಿದಿದ್ದವು. ಹುಡುಗ ಅವುಗಳ ಕಡೆ ನೋಡಿದ, ಅಪ್ಪನ ಕಡೆ ನೋಡಿದ, ಏನೂ ಮಾತಾಡದೆ ಕೀಲಿ ತಿರುಗಿಸಿದ. ಅಣ್ಣ ಮುಂದಿನ ಬಾಗಿಲು ತೆಗೆದು ಅವನ ಪಕ್ಕ ಕೂತ.